ಬಾಡಿಗೆ ಮನೆಯಲ್ಲಿ ಸಿಕ್ಕಿಬಿದ್ದ 14 ದಿನದ ಗಡುವು: ಮೈಸೂರಿಗೆ ಓದಲು ಬಂದ ವಿದೇಶಿ ವಿದ್ಯಾರ್ಥಿನಿಯ ನೋಂದಣಿ ಪ್ರಕರಣ

ಟಾಂಜಾನಿಯಾದಿಂದ ಬಂದ ಒಬ್ಬ ವಿದ್ಯಾರ್ಥಿನಿ. ಮೈಸೂರಿನ ಕಾಲೇಜೊಂದರಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದೆ. ಕೈಯಲ್ಲಿ ವಿದ್ಯಾರ್ಥಿ ವೀಸಾ ಇದೆ, ಅವಧಿ 180 ದಿನಕ್ಕಿಂತ ಹೆಚ್ಚು. ಭಾರತಕ್ಕೆ ಬಂದಿಳಿದ 14 ದಿನದೊಳಗೆ ಆಕೆ ವಿದೇಶಿಯರ ನೋಂದಣಿ ಅಧಿಕಾರಿಯ ಬಳಿ ಹೆಸರು ನೋಂದಾಯಿಸಬೇಕು. ಕೆಲಸ ಇಷ್ಟೇ. ಅದೂ ಆನ್‌ಲೈನ್‌ನಲ್ಲಿ, ಗಡುವಿನೊಳಗೆ ಮಾಡಿದರೆ ಶುಲ್ಕವಿಲ್ಲದೆ. ಆದರೂ 13ನೇ ದಿನದ ಸಂಜೆಯವರೆಗೆ ಅರ್ಜಿ ಸಲ್ಲಿಕೆಯಾಗಲಿಲ್ಲ.

ವಿದ್ಯಾರ್ಥಿನಿ, ಮನೆ, ಕಾಲೇಜು ಇವೆಲ್ಲ ವಿವರಣೆಗಾಗಿ ಕಟ್ಟಿಕೊಂಡ ಪಾತ್ರಗಳು. ತೊಡಕುಗಳು ಮಾತ್ರ ಪ್ರವೇಶಾತಿಯ ತಿಂಗಳುಗಳಲ್ಲಿ ಮತ್ತೆ ಮತ್ತೆ ಎದುರಾಗುವಂಥವೇ. ಅವನ್ನೆಲ್ಲ ಒಂದೇ ಪ್ರಕರಣದೊಳಗೆ ಇಟ್ಟು ನೋಡುವುದಕ್ಕೆ ಕಾರಣವಿದೆ. 14 ದಿನದ ಗಡುವು ವಿದೇಶಿಯ ತಲೆಯ ಮೇಲಿದೆ, ನಿಜ. ಆದರೆ ಆ ಗಡುವಿಗೆ ಬೇಕಾದ ಕಾಗದಗಳು ಇರುವುದು ಮನೆ ಮಾಲೀಕರ ಕೈಯಲ್ಲಿ, ಕಾಲೇಜಿನ ಕಚೇರಿಯಲ್ಲಿ. ಆಕೆ ಎಷ್ಟೇ ಶಿಸ್ತಿನವಳಾದರೂ ಇವರಿಬ್ಬರು ಕದಲದೆ ಅರ್ಜಿ ಕದಲುವುದಿಲ್ಲ.

ಯಾರಿಗೆ ನೋಂದಣಿ, ಯಾರ ಬಳಿ

ಭಾರತದಲ್ಲಿ ಈ ವಿಷಯವನ್ನು ಈಗ ಆಳುವುದು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ. ಅದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. 1920ರ ಪಾಸ್‌ಪೋರ್ಟ್ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ದ ವಾಹಕರ (ಪ್ರಯಾಣಿಕರನ್ನು ಕರೆತರುವ ವಿಮಾನ, ಹಡಗು ಸಂಸ್ಥೆಗಳ) ಹೊಣೆ ಕಾಯ್ದೆ, ಈ ನಾಲ್ಕೂ ರದ್ದಾಗಿ ಒಂದೇ ಕಾಯ್ದೆಯಾಗಿದೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಸಲಹೆಗಳೆಲ್ಲ 1939 ಮತ್ತು 1946ರ ಕಲಮುಗಳನ್ನೇ ಹೇಳುತ್ತವೆ. ದಂಡದ ಮೊತ್ತಕ್ಕೆ ಆ ಬರಹಗಳನ್ನು ನಂಬಬೇಡಿ. ಅರ್ಜಿಯ ದಿನ ಪೋರ್ಟಲ್ ತೋರಿಸುವುದೇ ಲೆಕ್ಕಕ್ಕೆ ಬರುವುದು.

ವಿದ್ಯಾರ್ಥಿ, ಉದ್ಯೋಗ, ಸಂಶೋಧನೆ, ವೈದ್ಯಕೀಯ, ಮಿಷನರಿ ವೀಸಾಗಳು 180 ದಿನಕ್ಕಿಂತ ಹೆಚ್ಚಿನ ಅವಧಿಯವಾದರೆ, ಮೊದಲ ಬಾರಿ ಬಂದಾಗ 14 ದಿನದೊಳಗೆ ನೋಂದಣಿ ಕಡ್ಡಾಯ. ಪ್ರವಾಸಿ ಅಥವಾ ವ್ಯವಹಾರ ವೀಸಾದವರು ಒಂದು ಭೇಟಿಯಲ್ಲಿ 180 ದಿನ ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಪಾಕಿಸ್ತಾನದ ಪ್ರಜೆಗಳಿಗೆ ಗಡುವು 24 ಗಂಟೆ. ನೇಪಾಳ, ಭೂತಾನ್ ಪ್ರಜೆಗಳಿಗೂ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಇರುವವರಿಗೂ ಈ ನೋಂದಣಿಯ ಗೊಡವೆಯಿಲ್ಲ. ಇಷ್ಟರ ಮೇಲೂ ಕೊನೆಯ ಮಾತು ವೀಸಾ ಚೀಟಿಯದೇ. ಅದರ ಮೇಲೆ ನೋಂದಣಿಯ ಬಗ್ಗೆ ಒಂದು ಸಾಲು ಅಚ್ಚಾಗಿರುತ್ತದೆ. ಆ ಸಾಲನ್ನು ಓದದೆ ಗೆಳೆಯರ ಮಾತು ಕೇಳಿ ಸುಮ್ಮನಾಗುವವರು ಬಹಳ ಮಂದಿ.

ಬೆಂಗಳೂರಿನಲ್ಲಿ ಇದನ್ನು ನೋಡಿಕೊಳ್ಳುವುದು ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ. ಅದು ಶಾಂತಿನಗರದಲ್ಲಿ, ಕೆ.ಎಚ್. ರಸ್ತೆಯ ಬಿಎಂಟಿಸಿ ಬಸ್ ನಿಲ್ದಾಣದ ಟಿಟಿಎಂಸಿ ಕಟ್ಟಡದಲ್ಲಿದೆ. ಕೇಂದ್ರ ಗೃಹ ಸಚಿವಾಲಯದ ವಲಸೆ ಬ್ಯೂರೊಗೆ ಸೇರಿದ್ದು. ಜಿಲ್ಲೆಗಳಲ್ಲಿ ಎಫ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಅಧಿಕಾರಿಯ ಹೊಣೆ ಪೊಲೀಸ್ ವರಿಷ್ಠಾಧಿಕಾರಿಯದು, ಕಮಿಷನರೇಟ್ ಇರುವ ಊರುಗಳಲ್ಲಿ ಆಯುಕ್ತರ ಕಚೇರಿಯದು. ಪೊಲೀಸ್ ನೋಂದಣಿ ಎಂಬ ಮಾತು ಬಂದಿರುವುದು ಇದರಿಂದಲೇ. ಹಾಗೆಂದು ಹತ್ತಿರದ ಠಾಣೆಗೆ ಹೋಗಿ ಹೆಸರು ಬರೆಸಿ ಬಂದರೆ ನೋಂದಣಿ ಆಗುವುದಿಲ್ಲ. 2018ರಿಂದ ಅರ್ಜಿ ಹಾಕುವ ದಾರಿ ಇ-ಎಫ್‌ಆರ್‌ಆರ್‌ಒ ಪೋರ್ಟಲ್. ಅದರ ವಿಳಾಸ ಇಂಡಿಯನ್‌ಎಫ್‌ಆರ್‌ಆರ್‌ಒ ಡಾಟ್ ಗವ್ ಡಾಟ್ ಇನ್. ಕೊನೆಯಲ್ಲಿ ‘ಗವ್ ಡಾಟ್ ಇನ್’ ಇಲ್ಲದ ಯಾವ ತಾಣಕ್ಕೂ ಪಾಸ್‌ಪೋರ್ಟ್ ಪ್ರತಿ ಕೊಡಬಾರದು, ಹಣ ಕಟ್ಟಬಾರದು.

ಮೊದಲ ದಿನ ಯಾವುದು?

ವಿದ್ಯಾರ್ಥಿನಿಯ ಟಿಕೆಟ್ಟಿನಲ್ಲಿದ್ದ ದಿನಾಂಕ ಸೋಮವಾರದ್ದು. ಬೆಂಗಳೂರಿಗೆ ಬರುವ ಹಲವು ಅಂತರರಾಷ್ಟ್ರೀಯ ವಿಮಾನಗಳ ಹಾಗೆ ಅವಳ ವಿಮಾನವೂ ನಡುರಾತ್ರಿ ದಾಟಿ ಇಳಿಯಿತು. ಇಮಿಗ್ರೇಷನ್ ಕೌಂಟರಿನಲ್ಲಿ ಮುದ್ರೆ ಬಿದ್ದದ್ದು ಮಂಗಳವಾರದ ದಿನಾಂಕದೊಂದಿಗೆ. ನೋಂದಣಿಗೆ ಲೆಕ್ಕ ಶುರುವಾಗುವುದು ಈ ಆಗಮನ ಮುದ್ರೆಯಿಂದ. ಟಿಕೆಟ್ಟಿನ ದಿನಾಂಕ, ವೀಸಾ ಕೊಟ್ಟ ದಿನಾಂಕ, ಕಾಲೇಜಿಗೆ ಸೇರಿದ ದಿನಾಂಕ ಯಾವುದೂ ಇಲ್ಲಿ ಬರುವುದಿಲ್ಲ. ಅರ್ಜಿಯಲ್ಲಿ ಆಕೆ ಟಿಕೆಟ್ ನೋಡಿಕೊಂಡು ಸೋಮವಾರ ಎಂದು ತುಂಬಿದ್ದರೆ ಮುದ್ರೆಗೂ ಅರ್ಜಿಗೂ ತಾಳೆಯಾಗದೆ ಪ್ರಶ್ನೆ ಬರುತ್ತಿತ್ತು.

ಮುದ್ರೆ ಬಿದ್ದ ದಿನವನ್ನೇ ಒಂದನೇ ದಿನ ಎಂದು ಎಣಿಸಿಕೊಳ್ಳುವುದು ಕ್ಷೇಮ. ಕೌಂಟರಿನಿಂದ ಹೊರಡುವ ಮೊದಲು ಮುದ್ರೆ ಯಾವ ಪುಟದಲ್ಲಿದೆ, ದಿನಾಂಕ ಓದಲು ಬರುತ್ತದೆಯೇ ಎಂದು ನೋಡಬೇಕು. ಮಸಿ ಹರಡಿದ್ದರೆ ಅಲ್ಲೇ ಹೇಳಿ ಸರಿಪಡಿಸಿಕೊಳ್ಳಬಹುದು; ಹತ್ತು ದಿನ ಬಿಟ್ಟು ಸ್ಕ್ಯಾನ್ ಮಾಡುವಾಗ ಗೊತ್ತಾದರೆ ಆಗುವುದಿಲ್ಲ.

ಇನ್ನೊಂದು ಸಂಗತಿ. ಭಾರತದ ವೀಸಾ ಅವಧಿ ಕೊಟ್ಟ ದಿನದಿಂದ ಓಡತೊಡಗುತ್ತದೆ, ಬಂದಿಳಿದ ದಿನದಿಂದಲ್ಲ. ಸೀಟು ಖಚಿತವಾಗುವ ಮೊದಲು ಕೊಡುವ ತಾತ್ಕಾಲಿಕ ವಿದ್ಯಾರ್ಥಿ ವೀಸಾ ಆರು ತಿಂಗಳದ್ದು. ಅಂಥದ್ದನ್ನು ಹಿಡಿದು ಬಂದವರ ದಾರಿ ಬೇರೆ. ಪ್ರವೇಶ ಸಿಕ್ಕ ಕೂಡಲೇ ಅವರು ವೀಸಾ ಅವಧಿಯ ವಿಷಯವನ್ನೇ ಮೊದಲು ಎತ್ತಿಕೊಳ್ಳಬೇಕು.

ಮೊದಲ ಐದು ದಿನ: ಯಾರ ಮನೆಯಲ್ಲಿದ್ದಳು?

ಬಂದಿಳಿದ ರಾತ್ರಿ ಆಕೆ ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಪರಿಚಯದ ಕುಟುಂಬವೊಂದರ ಫ್ಲಾಟಿನಲ್ಲಿ ಉಳಿದಳು. ಹಣ ಕೊಟ್ಟು ಇದ್ದದ್ದಲ್ಲ, ನೆಂಟರ ಹಾಗೆ. ಐದು ದಿನ ಕಳೆಯಿತು. ಆ ಮನೆಯವರಿಗೆ ತಮಗೂ ಒಂದು ಕರ್ತವ್ಯವಿದೆ ಎಂಬುದೇ ಗೊತ್ತಿರಲಿಲ್ಲ.

ವಿದೇಶಿಯೊಬ್ಬರಿಗೆ ತಂಗಲು ಜಾಗ ಕೊಟ್ಟವರು 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ಆನ್‌ಲೈನ್ ವರದಿ ಕೊಡಬೇಕು. ಎಲ್ಲರೂ ಸಿ-ಫಾರ್ಮ್ ಎಂದು ಕರೆಯುವುದು ಇದನ್ನೇ. ಹೋಟೆಲು, ಲಾಡ್ಜು, ಹಾಸ್ಟೆಲಿಗೆ ಮಾತ್ರ ಇದು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಹೋಂಸ್ಟೇ, ಪಿಜಿ, ಬಾಡಿಗೆ ಮನೆ, ಬಾಡಿಗೆಯಿಲ್ಲದೆ ಉಳಿಸಿಕೊಂಡ ಸ್ವಂತ ಮನೆ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಪ್ರತಿ ವಿದೇಶಿಗೂ ಬೇರೆ ಬೇರೆ ವರದಿ. ಗಂಡ, ಹೆಂಡತಿ ಒಟ್ಟಿಗೆ ಬಂದರೂ ಎರಡು.

ನೋಂದಣಿ ಅರ್ಜಿಯಲ್ಲಿ ಈಗಿನ ವಿಳಾಸ ಮೈಸೂರಿನದು. ಹಾಗಾಗಿ ಬೆಂಗಳೂರಿನ ಸಿ-ಫಾರ್ಮ್ ಇಲ್ಲದ ಕಾರಣಕ್ಕೆ ಅರ್ಜಿ ಅಲ್ಲೇ ನಿಂತುಹೋಗಲಿಲ್ಲ. ಆದರೆ ಬಂದ ದಿನದಿಂದ ಎಲ್ಲಿದ್ದಿರಿ ಎಂದು ಅಧಿಕಾರಿ ಕೇಳಿದ್ದರೆ ತೋರಿಸಲು ಕಾಗದವಿರಲಿಲ್ಲ. ಆ ಖಾಲಿ ಜಾಗದ ಹೊಣೆ ಉಳಿಸಿಕೊಂಡ ಮನೆಯವರ ಮೇಲೆ ಬರುತ್ತದೆ. ಒಳ್ಳೆಯ ಮನಸ್ಸಿನಿಂದ ಜಾಗ ಕೊಟ್ಟವರೇ ತೊಂದರೆಗೆ ಸಿಗುವುದು ನೋಡಲು ಬೇಸರವಾಗುತ್ತದೆ. ಮೊದಲ ಕೆಲವು ದಿನ ಕಾಲೇಜಿನ ಅತಿಥಿಗೃಹದಲ್ಲೋ ಹೋಟೆಲಿನಲ್ಲೋ ಇದ್ದರೆ ಈ ಭಾರ ಯಾರ ಮೇಲೂ ಬೀಳುವುದಿಲ್ಲ. ಸಿ-ಫಾರ್ಮ್ ಸಲ್ಲಿಸುವ ಖಾತೆ ಅವರಲ್ಲಿ ಮೊದಲೇ ಇರುತ್ತದೆ.

ಸರಸ್ವತಿಪುರಂನ ಮಹಡಿ ಮನೆ

ಆರನೇ ದಿನ ಆಕೆ ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮಹಡಿ ಮನೆಗೆ ಬಂದಳು. ಅಲ್ಲಿ ಆಗಲೇ ಅದೇ ಕಾಲೇಜಿನ ಇಬ್ಬರು ಹುಡುಗಿಯರಿದ್ದರು. ಬಾಡಿಗೆ ಕರಾರು ಪತ್ರ ಅವರಲ್ಲಿ ಒಬ್ಬಳ ಹೆಸರಿನಲ್ಲಿ, ಹನ್ನೊಂದು ತಿಂಗಳಿಗೆ ಆಗಿತ್ತು. ಮೂರನೆಯವಳಾಗಿ ಸೇರಿಕೊಂಡವಳ ಹೆಸರು ಎಲ್ಲೂ ಇಲ್ಲ. ಬಾಡಿಗೆಯ ಪಾಲು ಕೈಯಿಂದ ಕೈಗೆ ಹೋಗುತ್ತದೆ.

ಎಂಟನೇ ದಿನ ಅರ್ಜಿ ತುಂಬಲು ಕೂತಾಗ ವಿಳಾಸದ ದಾಖಲೆ ಕೇಳಿತು. ಅಲ್ಲಿಗೆ ನಿಂತಿತು.

ವಿಳಾಸಕ್ಕೆ ಸಾಮಾನ್ಯವಾಗಿ ಕೊಡುವುದು ಸಿ-ಫಾರ್ಮಿನ ಪ್ರತಿ, ಅದರ ಜೊತೆಗೆ ಬಾಡಿಗೆ ಕರಾರು ಅಥವಾ ಹಾಸ್ಟೆಲಿನ ಪತ್ರ. ಇವಳಲ್ಲಿ ಎರಡೂ ಇರಲಿಲ್ಲ. ಕೆಳಗಿನ ಮನೆಯಲ್ಲಿದ್ದ ಮಾಲೀಕರು ನಿವೃತ್ತ ನೌಕರರು. ವಿಷಯ ಕೇಳಿದವರೇ ಗಾಬರಿಯಾದರು. “ಪೊಲೀಸಿನವರ ಸಹವಾಸ ನಮಗ್ಯಾಕಮ್ಮ? ಮೊದಲೇ ಗೊತ್ತಿದ್ದರೆ ಸೇರಿಸ್ಕೋತಾನೇ ಇರಲಿಲ್ಲ,” ಎಂದರು.

ಈ ಭಯವನ್ನು ತಳ್ಳಿಹಾಕಬಾರದು, ಬಿಡಿಸಿ ನೋಡಬೇಕು. ಮಾಲೀಕರ ಮನಸ್ಸಿನಲ್ಲಿ ಇರುವುದು ಮೂರು: ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ, ಬಾಡಿಗೆಯ ಹಣ ತೆರಿಗೆಯವರ ಕಣ್ಣಿಗೆ ಬೀಳುತ್ತದೆ, ಬಾಡಿಗೆದಾರ ಏನಾದರೂ ಮಾಡಿಕೊಂಡರೆ ತಾವು ಸಾಕ್ಷಿಯಾಗಬೇಕಾಗುತ್ತದೆ. ಮೊದಲನೆಯದಕ್ಕೆ ಉತ್ತರ, ವಿಳಾಸ ಪರಿಶೀಲನೆಗೆ ಯಾರಾದರೂ ಬರಬಹುದು, ಬಂದರೆ ಕಾಗದ ನೋಡಿ ಹೋಗುತ್ತಾರೆ. ಎರಡನೆಯದಕ್ಕೆ, ಸಿ-ಫಾರ್ಮಿನಲ್ಲಿ ಬಾಡಿಗೆ ಎಷ್ಟು ಎಂಬ ಪ್ರಶ್ನೆಯೇ ಇಲ್ಲ. ಮೂರನೆಯದಕ್ಕೆ ಉತ್ತರ ಎಲ್ಲಕ್ಕಿಂತ ಗಟ್ಟಿ: ವರದಿ ಕೊಟ್ಟ ಮಾಲೀಕರು ತಮ್ಮ ಕೆಲಸ ಮಾಡಿದ್ದಾರೆ, ಕೊಡದೆ ಇಟ್ಟುಕೊಂಡವರಿಗೆ ಉತ್ತರ ಹೇಳುವುದು ಕಷ್ಟ. ಕಾಲೇಜಿನ ವಿದೇಶಿ ವಿದ್ಯಾರ್ಥಿ ವಿಭಾಗದ ಗುಮಾಸ್ತರೊಬ್ಬರು ಫೋನಿನಲ್ಲಿ ಇಷ್ಟನ್ನು ಸಮಾಧಾನದಿಂದ ಹೇಳಿದ ಮೇಲೆ ಯಜಮಾನರು ಒಪ್ಪಿದರು. ವಿದ್ಯಾರ್ಥಿನಿ ತಾನೇ ಹೇಳಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ. ಇಂಥ ಫೋನ್ ಕರೆಯನ್ನು ಕಾಲೇಜುಗಳು ತಮ್ಮ ಕೆಲಸದ ಭಾಗವೆಂದೇ ಇಟ್ಟುಕೊಳ್ಳಬೇಕು. ವಿದ್ಯಾರ್ಥಿ ಮನೆ ನೋಡುವ ಮೊದಲೇ, ಸಿ-ಫಾರ್ಮ್ ಕೊಡಲು ಒಪ್ಪದ ಮನೆಗೆ ಮುಂಗಡ ಕೊಡಬೇಡಿ ಎಂದು ಬರೆದು ತಿಳಿಸಬೇಕು.

ಸಿ-ಫಾರ್ಮ್ ತುಂಬುವಾಗ

ಮೊದಲು ಮಾಲೀಕರ ಹೆಸರಿನಲ್ಲಿ ಖಾತೆ ಬೇಕು. ಎಫ್‌ಆರ್‌ಆರ್‌ಒ ತಾಣದಲ್ಲೇ ಅದಕ್ಕೆ ಬೇರೆ ಪುಟವಿದೆ. ಅಲ್ಲಿ ವಸತಿಯ ಬಗೆ, ಪೂರ್ತಿ ವಿಳಾಸ, ಜಿಲ್ಲೆ, ಮಾಲೀಕರ ಹೆಸರು, ಮೊಬೈಲ್, ಇಮೇಲ್ ಕೊಡಬೇಕು. ವಸತಿಯ ಬಗೆಯಲ್ಲಿ ಹೋಟೆಲ್ ಎಂದು ಒತ್ತಿಬಿಟ್ಟರೆ ಮನೆಗೆ ಸಲ್ಲದ ವಿವರಗಳನ್ನೆಲ್ಲ ಕೇಳುತ್ತದೆ. ಖಾಸಗಿ ಮನೆಗೆ ಹೊಂದುವ ಬಗೆಯನ್ನೇ ಆರಿಸಬೇಕು. ಖಾತೆಗೆ ಕಚೇರಿಯ ಒಪ್ಪಿಗೆ ಬರುವವರೆಗೆ ಕಾಯಬೇಕಾಗಬಹುದು. ಈ ಪ್ರಕರಣದಲ್ಲಿ ಹತ್ತನೇ ದಿನ ತೆರೆದ ಖಾತೆ ಬಳಕೆಗೆ ಸಿಕ್ಕಿದ್ದು ಹನ್ನೆರಡನೇ ದಿನ. ಮನೆ ಮಾಲೀಕರ ಖಾತೆಯನ್ನು ಬಾಡಿಗೆದಾರ ಬರುವ ಮೊದಲೇ ತೆರೆದಿಟ್ಟುಕೊಳ್ಳಲು ಏನೂ ಅಡ್ಡಿಯಿಲ್ಲ. 24 ಗಂಟೆಯ ನಿಯಮವನ್ನು ಪಾಲಿಸಲು ಇರುವ ದಾರಿಯೂ ಅದೇ.

ಖಾತೆ ಸಿಕ್ಕ ಮೇಲೆ ತುಂಬುವ ವಿವರಗಳು ಇವು: ಪಾಸ್‌ಪೋರ್ಟಿನಲ್ಲಿರುವ ಹೆಸರು, ಲಿಂಗ, ಹುಟ್ಟಿದ ದಿನಾಂಕ, ರಾಷ್ಟ್ರೀಯತೆ, ಸ್ವದೇಶದ ವಿಳಾಸ, ಪಾಸ್‌ಪೋರ್ಟ್ ಸಂಖ್ಯೆ, ಕೊಟ್ಟ ಊರು, ಕೊಟ್ಟ ದಿನ, ಮುಗಿಯುವ ದಿನ, ವೀಸಾಕ್ಕೂ ಹಾಗೆಯೇ ಎಲ್ಲ, ಜೊತೆಗೆ ಅದರ ಬಗೆ, ಎಲ್ಲಿಂದ ಬಂದರು, ಭಾರತಕ್ಕೆ ಬಂದ ದಿನಾಂಕ, ಈ ಮನೆಗೆ ಬಂದ ದಿನಾಂಕ ಮತ್ತು ಹೊತ್ತು, ಎಷ್ಟು ದಿನ ಇರುತ್ತಾರೆ, ಬಂದ ಉದ್ದೇಶ, ಭಾರತದಲ್ಲಿ ಉದ್ಯೋಗದಲ್ಲಿದ್ದಾರೆಯೇ, ಎರಡೂ ದೇಶದ ಫೋನ್ ಸಂಖ್ಯೆ. ಒಂದು ಭಾವಚಿತ್ರವೂ ಬೇಕು.

ಯಜಮಾನರು ಇಲ್ಲಿ ಎರಡು ದಿನಾಂಕಗಳಲ್ಲಿ ಎಡವಿದರು. ‘ಭಾರತಕ್ಕೆ ಬಂದ ದಿನ’ ಎಂಬಲ್ಲಿಯೂ ‘ಈ ವಸತಿಗೆ ಬಂದ ದಿನ’ ಎಂಬಲ್ಲಿಯೂ ಒಂದೇ ದಿನಾಂಕ, ಆರನೇ ದಿನದ್ದು, ಹಾಕಿದರು. ಹಾಗೇ ಸಲ್ಲಿಸಿದ್ದರೆ ಆಗಮನ ಮುದ್ರೆಗಿಂತ ಐದು ದಿನ ತಡವಾಗಿ ದೇಶಕ್ಕೆ ಬಂದಂತೆ ಸಿ-ಫಾರ್ಮ್ ಹೇಳುತ್ತಿತ್ತು. ನೋಂದಣಿ ಅಧಿಕಾರಿ ಇದನ್ನು ಅಜಾಗರೂಕತೆ ಎಂದೇ ಓದುತ್ತಾರೆ ಎಂದು ಭರವಸೆಯಿಲ್ಲ. ಗಡುವು ಮುಚ್ಚಿಡುವ ಯತ್ನ ಎಂದೂ ಓದಬಹುದು. ಪುಣ್ಯಕ್ಕೆ, ಸಲ್ಲಿಸುವ ಮುನ್ನ ಪಕ್ಕದಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡು ಒಂದೊಂದೇ ಸಾಲು ಓದಿಹೇಳಿದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ಒಬ್ಬರು ಓದುವುದು, ಇನ್ನೊಬ್ಬರು ಪರದೆ ನೋಡುವುದು, ಈ ಹಳೆಯ ಪದ್ಧತಿಗಿಂತ ಒಳ್ಳೆಯದು ಇನ್ನೊಂದಿಲ್ಲ.

ಮನೆಗೆ ಬಂದದ್ದು ಆರನೇ ದಿನ, ಸಿ-ಫಾರ್ಮ್ ಹೋದದ್ದು ಹನ್ನೆರಡನೇ ದಿನ. 24 ಗಂಟೆ ಮೀರಿ ಬಹಳ ಕಾಲವಾಗಿತ್ತು. ಹೀಗಾದಾಗ ಮನೆಗೆ ಬಂದ ದಿನಾಂಕವನ್ನೇ ಮುಂದೂಡಿ ಬರೆಯೋಣ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ. ತಡವಾದ ನಿಜ ವರದಿಗೆ ವಿವರಣೆ ಕೊಡಬಹುದು. ಸುಳ್ಳು ದಿನಾಂಕವನ್ನು ಕರಾರು ಪತ್ರ, ಕಾಲೇಜಿನ ಹಾಜರಿ, ಬಸ್ ಟಿಕೆಟ್ ಯಾವುದು ಬೇಕಾದರೂ ಬಯಲು ಮಾಡುತ್ತದೆ, ಆಮೇಲೆ ಮಾಲೀಕರೂ ಬಾಡಿಗೆದಾರರೂ ಒಟ್ಟಿಗೆ ಸಿಕ್ಕಿಬೀಳುತ್ತಾರೆ. ಇಲ್ಲಿ ಮಾಲೀಕರು ನಿಜ ದಿನಾಂಕವನ್ನೇ ಹಾಕಿ, ನಿಯಮ ತಿಳಿಯದೆ ತಡವಾಯಿತು ಎಂದು ಒಂದು ಪುಟದ ಪತ್ರ ಬರೆದು ಸಹಿ ಮಾಡಿ ಕೊಟ್ಟರು. ಅದು ಅರ್ಜಿಯ ಜೊತೆಗೇ ಹೋಯಿತು.

ಕರಾರು ಪತ್ರವನ್ನೂ ಹೊಸದಾಗಿ ಮಾಡಿದರು. ಇ-ಸ್ಟಾಂಪ್ ಕಾಗದದ ಮೇಲೆ, ಮೂವರು ಬಾಡಿಗೆದಾರರ ಹೆಸರಿನಲ್ಲಿ, ವಿದ್ಯಾರ್ಥಿನಿಯ ಹೆಸರಿನ ಮುಂದೆ ಪಾಸ್‌ಪೋರ್ಟ್ ಸಂಖ್ಯೆಯೊಂದಿಗೆ, ನೋಟರಿ ಮಾಡಿಸಿ. ಮನೆ ಸಂಖ್ಯೆ, ಅಡ್ಡರಸ್ತೆ, ಪಿನ್‌ಕೋಡ್ ಸಿ-ಫಾರ್ಮಿನಲ್ಲಿ ಹೇಗಿವೆಯೋ ಹಾಗೆಯೇ ಇಲ್ಲಿಯೂ ಇರಲಿ. ಒಂದರಲ್ಲಿ ‘ಮೊದಲ ಮಹಡಿ’, ಇನ್ನೊಂದರಲ್ಲಿ ಮನೆ ಸಂಖ್ಯೆ ಮಾತ್ರ, ಇಷ್ಟು ವ್ಯತ್ಯಾಸಕ್ಕೂ ಪ್ರಶ್ನೆ ಬಂದೀತು.

ಕಾಲೇಜಿನ ಪತ್ರ

ಕಾಲೇಜು ಮಾಡಬೇಕಾದದ್ದು ಎರಡು. ವಿದೇಶಿ ವಿದ್ಯಾರ್ಥಿ ಸೇರಿದ ಮಾಹಿತಿಯನ್ನು ಎಸ್-ಫಾರ್ಮ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿರುವ ವರದಿಯಾಗಿ ತಾನೇ ಆನ್‌ಲೈನ್‌ನಲ್ಲಿ ಸಲ್ಲಿಸುವುದು ಒಂದು. ವಿದ್ಯಾರ್ಥಿಗೆ ಬೋನಫೈಡ್ ಸರ್ಟಿಫಿಕೇಟ್ ಕೊಡುವುದು ಇನ್ನೊಂದು.

ಸರ್ಟಿಫಿಕೇಟ್ ಕೊಡುವಾಗ ಕಚೇರಿಗಳು ತಮ್ಮ ಮಾಮೂಲು ನಮೂನೆಯನ್ನೇ ಮುದ್ರಿಸಿ ಕೊಡುತ್ತವೆ: ಇಂಥವರು ನಮ್ಮ ಕಾಲೇಜಿನಲ್ಲಿ ಓದುತ್ತಿದ್ದಾರೆ, ನಡತೆ ತೃಪ್ತಿಕರ. ಬಸ್ ಪಾಸಿಗೆ ಅದು ಸಾಕು, ಇಲ್ಲಿಗೆ ಸಾಲದು. ಕೋರ್ಸಿನ ಹೆಸರು, ಶುರುವಾದ ದಿನ, ಮುಗಿಯುವ ದಿನ, ಈಗ ಯಾವ ವರ್ಷ, ಪೂರ್ಣಾವಧಿಯೇ, ಪಾಸ್‌ಪೋರ್ಟ್ ಸಂಖ್ಯೆ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು, ಇವೆಲ್ಲ ಲೆಟರ್‌ಹೆಡ್ಡಿನ ಮೇಲೆ ದಿನಾಂಕ, ಸಹಿ, ಮೊಹರಿನೊಂದಿಗೆ ಇರಬೇಕು.

ಹೆಸರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಒಂದು ಸಾಲು, ಸ್ವಂತ ಹೆಸರು ಇನ್ನೊಂದು ಸಾಲು. ಅಂಕಪಟ್ಟಿಯಲ್ಲಿ ಕ್ರಮ ತಿರುಗಿರುತ್ತದೆ, ಕೆಲವೊಮ್ಮೆ ನಡುವಿನ ಹೆಸರು ಬಿಟ್ಟಿರುತ್ತದೆ. ಕಾಲೇಜು ಅಂಕಪಟ್ಟಿ ನೋಡಿ ಸರ್ಟಿಫಿಕೇಟ್ ಬರೆಯುತ್ತದೆ. ವಿದ್ಯಾರ್ಥಿನಿಯ ಮೂರು ಪದದ ಹೆಸರಿನಲ್ಲಿ ನಡುವಿನದು ಬಿಟ್ಟುಹೋಗಿತ್ತು. ವಾಪಸು ಕೊಟ್ಟು ತಿದ್ದಿಸಿಕೊಳ್ಳಲು ಒಂದು ದಿನ ಹೋಯಿತು.

ಇದಕ್ಕಿಂತ ದೊಡ್ಡ ತೊಡಕು ಸಂಸ್ಥೆಯ ಹೆಸರಿನದು. ವಿದ್ಯಾರ್ಥಿ ವೀಸಾದಲ್ಲಿ ಯಾವ ಸಂಸ್ಥೆಗೆ ಎಂದು ನಮೂದಾಗಿರುತ್ತದೆ. ಇವಳ ವೀಸಾದಲ್ಲಿ ವಿಶ್ವವಿದ್ಯಾಲಯದ ಹೆಸರಿತ್ತು, ಸರ್ಟಿಫಿಕೇಟ್ ಕೊಟ್ಟದ್ದು ಅದಕ್ಕೆ ಸೇರಿದ ಕಾಲೇಜು. ಎರಡೂ ಒಂದೇ ಎಂದು ನಮ್ಮೂರಿನವರಿಗೆ ಗೊತ್ತು, ಕಡತ ನೋಡುವವರಿಗೆ ಕಾಗದ ಬೇಕು. ನಿಜವಾಗಿಯೇ ಬೇರೆ ಸಂಸ್ಥೆಗೆ ಸೇರಿಬಿಟ್ಟಿದ್ದರೆ ಕತೆ ಬೇರೆ. ಆಗ ಸಂಸ್ಥೆ ಬದಲಾವಣೆಗೆ ಮೊದಲು ಅನುಮತಿ ಪಡೆಯಬೇಕು, ಸರ್ಟಿಫಿಕೇಟ್ ತಿದ್ದಿ ಮುಗಿಸುವ ವಿಷಯವಲ್ಲ.

ಅರ್ಜಿ ಹೋದದ್ದು, ಪ್ರಶ್ನೆ ಬಂದದ್ದು

ಎಂಟನೇ ದಿನ ಮೊದಲ ಬಾರಿ ಕೂತದ್ದು ಒಂದು ಸೈಬರ್ ಸೆಂಟರಿನಲ್ಲಿ. ಅಲ್ಲಿನ ಹುಡುಗ ಅಭ್ಯಾಸಬಲದಿಂದ ತನ್ನದೇ ಇಮೇಲ್ ಹಾಕಿ ಖಾತೆ ತೆರೆದುಬಿಟ್ಟಿದ್ದ. ಜೊತೆಗಿದ್ದ ಗೆಳತಿ ಗಮನಿಸಿ ಅದನ್ನು ಕೈಬಿಡಿಸಿ, ವಿದ್ಯಾರ್ಥಿನಿಯ ಇಮೇಲಿನಲ್ಲಿ ಹೊಸ ಖಾತೆ ತೆರೆಸಿದಳು. ಇಡೀ ಪ್ರಕರಣ ಉಳಿದದ್ದೇ ಇದರಿಂದ. ಈ ವ್ಯವಸ್ಥೆಯಲ್ಲಿ ಅಧಿಕಾರಿ ಮಾತಾಡುವುದು ಇಮೇಲಿನ ಮೂಲಕ: ಪ್ರಶ್ನೆ ಅಲ್ಲಿಗೇ ಬರುತ್ತದೆ, ಕೊನೆಯಲ್ಲಿ ಸಿಗುವ ನೋಂದಣಿ ಪ್ರಮಾಣಪತ್ರವೂ ಅಲ್ಲಿಗೇ.

ಖಾತೆಯೊಳಗೆ ಪಾಸ್‌ಪೋರ್ಟ್ ಮತ್ತು ವೀಸಾ ವಿವರ, ಆಗಮನದ ದಿನಾಂಕ, ವಿಮಾನ ನಿಲ್ದಾಣ, ಭಾರತದ ವಿಳಾಸ ತುಂಬಿ, ಸೇವೆಗಳ ಪಟ್ಟಿಯಲ್ಲಿ ನೋಂದಣಿಯನ್ನು ಆರಿಸಬೇಕು. ಅರ್ಧಕ್ಕೆ ನಿಲ್ಲಿಸಿದರೆ ತಾತ್ಕಾಲಿಕ ಅರ್ಜಿ ಸಂಖ್ಯೆ ಸಿಗುತ್ತದೆ. ಹಲವರು ಈ ಸಂಖ್ಯೆ ಬಂದದ್ದನ್ನೇ ಅರ್ಜಿ ಹೋಯಿತು ಎಂದುಕೊಳ್ಳುತ್ತಾರೆ. ಕೊನೆಯ ಸಲ್ಲಿಕೆಯ ಗುಂಡಿ ಒತ್ತಿ, ಸ್ವೀಕೃತಿ ಕೈಗೆ ಬಂದಾಗಲೇ ಗಡುವಿಗೆ ಬೆಲೆ. ಜಿಲ್ಲೆಯನ್ನು ಆರಿಸುವಾಗಲೂ ಎಚ್ಚರ ಬೇಕು, ಕಡತ ಯಾವ ಕಚೇರಿಯ ಮೇಜಿಗೆ ಹೋಗಬೇಕೆಂದು ತೀರ್ಮಾನವಾಗುವುದು ಈ ವಿಳಾಸದಿಂದ. ಬಂದಿಳಿದದ್ದು ಬೆಂಗಳೂರು ಎಂದು ಅಲ್ಲಿನ ವಿಳಾಸ ಕೊಟ್ಟರೆ, ಇರದ ಊರಿನಲ್ಲಿ ನೋಂದಣಿ ಕೇಳಿದಂತಾಗುತ್ತದೆ.

ಲಗತ್ತಿಸಿದ್ದು: ಬಿಳಿ ಹಿನ್ನೆಲೆಯ ಭಾವಚಿತ್ರ, ಪಾಸ್‌ಪೋರ್ಟಿನ ವಿವರದ ಪುಟ, ವೀಸಾ ಪುಟ, ಆಗಮನ ಮುದ್ರೆಯ ಪುಟ, ಸಿ-ಫಾರ್ಮ್, ಕರಾರು ಪತ್ರ, ಬೋನಫೈಡ್, ಮಾಲೀಕರ ವಿವರಣೆಯ ಪತ್ರ. ಸ್ಕ್ಯಾನ್ ಮಾಡುವಾಗ ಪಾಸ್‌ಪೋರ್ಟ್ ಪುಟದ ಕೆಳಗಿನ ಎರಡು ಸಾಲು ಸಂಕೇತಾಕ್ಷರಗಳು ಕತ್ತರಿಸಿ ಹೋಗದಿರಲಿ. ಕಡತದ ಗಾತ್ರಕ್ಕೆ ಪೋರ್ಟಲ್ ಮಿತಿ ಹಾಕುತ್ತದೆ, ಅದಕ್ಕೆ ಇಳಿಸಲು ಹೋಗಿ ಅಕ್ಷರ ಮಸುಕಾದರೆ ಪ್ರಯೋಜನವಿಲ್ಲ. ಬಣ್ಣದ ಫೋಟೊ ತೆಗೆದು ಕುಗ್ಗಿಸುವುದಕ್ಕಿಂತ ಮೊದಲೇ ಕಡಿಮೆ ಗಾತ್ರದಲ್ಲಿ ನೇರವಾಗಿ ಸ್ಕ್ಯಾನ್ ಮಾಡಿದರೆ ಓದಲು ಚೆನ್ನಾಗಿ ಬರುತ್ತದೆ.

13ನೇ ದಿನ ಸಂಜೆ ಸಲ್ಲಿಕೆಯಾಯಿತು. 17ನೇ ದಿನ ಪ್ರಶ್ನೆ ಬಂತು: ವೀಸಾದಲ್ಲಿರುವ ಸಂಸ್ಥೆಗೂ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೂ ಸಂಬಂಧವೇನು? ಕಾಲೇಜು ತಾನು ವಿಶ್ವವಿದ್ಯಾಲಯಕ್ಕೆ ಸಂಯೋಜಿತ ಎಂದು ಹೇಳುವ ಪತ್ರವನ್ನೂ ವಿಶ್ವವಿದ್ಯಾಲಯದ ಪ್ರವೇಶ ಪತ್ರವನ್ನೂ ಸೇರಿಸಿ 19ನೇ ದಿನ ಉತ್ತರ ಕೊಟ್ಟರು. ಪ್ರಶ್ನೆ ಗಡುವಿನ ಆಚೆ ಬಂದರೂ ಅರ್ಜಿ ಗಡುವಿನೊಳಗೆ ಇದ್ದುದರಿಂದ ತಡವಾದ ನೋಂದಣಿಯ ಮಾತು ಬರಲಿಲ್ಲ. ಉತ್ತರ ಕೊಡದೆ ಬಿಟ್ಟಿದ್ದರೆ ಅರ್ಜಿ ಮುಚ್ಚಿಹೋಗಿ, ಹೊಸದಾಗಿ ಹಾಕಬೇಕಾಗಿ, ಆ ಹೊಸ ಅರ್ಜಿ ತಡವಾದದ್ದೇ ಆಗುತ್ತಿತ್ತು. ಸೈಬರ್ ಸೆಂಟರಿನ ಇಮೇಲಿಗೆ ಈ ಪ್ರಶ್ನೆ ಹೋಗಿದ್ದರೆ ಹಾಗೆಯೇ ಆಗುತ್ತಿತ್ತು.

ಗಡುವು ಮೀರಿಯೇ ಹೋಗಿದ್ದರೆ

15ನೇ ದಿನವಾದರೂ, 40ನೇ ದಿನವಾದರೂ ಅರ್ಜಿ ಹಾಕುವುದೇ ಸರಿ. ತಡಕ್ಕೆ ಕಾರಣ ಹೇಳುವ ಪತ್ರ, ಕಾರಣಕ್ಕೆ ಪುರಾವೆ (ಆಸ್ಪತ್ರೆಯ ಕಾಗದ, ಕಾಲೇಜಿನ ಪತ್ರ), ಪೋರ್ಟಲ್ ಕೇಳುವ ದಂಡ, ಕರೆದರೆ ಖುದ್ದು ಹಾಜರಿ, ಇಷ್ಟರಲ್ಲಿ ಸಾಮಾನ್ಯವಾಗಿ ಮುಗಿಯುತ್ತದೆ. ಸುಮ್ಮನಿದ್ದು ಮುಂದೆ ವೀಸಾ ವಿಸ್ತರಣೆಗೆ ಹೋದಾಗಲೋ ಊರಿಗೆ ಹೊರಟು ಇಮಿಗ್ರೇಷನ್ ಕೌಂಟರಿನಲ್ಲಿ ನಿಂತಾಗಲೋ ಇದು ಹೊರಬೀಳುತ್ತದೆ. ಆಗ ನಿರ್ಗಮನ ಅನುಮತಿಗೆ ಓಡಾಡಬೇಕಾಗಬಹುದು, ವಿಮಾನವೂ ತಪ್ಪುತ್ತದೆ. ವೀಸಾ ಅವಧಿ ಮೀರಿ ಉಳಿಯುವುದು, ವೀಸಾದ ಷರತ್ತು ಮುರಿಯುವುದು ಇವಕ್ಕೆ 2025ರ ಕಾಯ್ದೆ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ನಾಲ್ಕು ದಿನ ತಡವಾಗಿ ನೋಂದಾಯಿಸಿಕೊಂಡ ವಿದ್ಯಾರ್ಥಿ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ತಡವನ್ನು ಬಚ್ಚಿಟ್ಟುಕೊಂಡೇ ಹೋದವರು ಆ ದಿಕ್ಕಿಗೇ ನಡೆಯುತ್ತಿರುತ್ತಾರೆ.

ಪ್ರಮಾಣಪತ್ರ ಬಂದ ಮೇಲೆ

ಇಮೇಲಿಗೆ ಬಂದ ಪ್ರಮಾಣಪತ್ರವನ್ನು ತೆರೆದ ಕೂಡಲೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ವಿಳಾಸ, ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ದಿನಾಂಕ ನೋಡಬೇಕು. ವೀಸಾದ ಕೊನೆಯ ದಿನವೂ ಇದರ ಕೊನೆಯ ದಿನವೂ ಒಂದೇ ಎಂದು ಭಾವಿಸಬಾರದು. ಮುದ್ರಿಸಿ ಒಂದು ಪ್ರತಿ ಪಾಸ್‌ಪೋರ್ಟಿನೊಂದಿಗೆ, ಒಂದು ಕಾಲೇಜಿಗೆ, ಒಂದು ಮನೆ ಮಾಲೀಕರಿಗೆ.

ಇದು ಸಲ್ಲುವ ಅವಧಿಯೊಳಗೆ ಅದೇ ವೀಸಾದ ಮೇಲೆ ಊರಿಗೆ ಹೋಗಿ ಬಂದರೆ ಮತ್ತೆ ನೋಂದಣಿ ಬೇಕಿಲ್ಲ, ಹೊಸ ವೀಸಾದಲ್ಲಿ ಬಂದರೆ ಬೇಕು. ಮನೆ ಬದಲಿಸಿದರೆ ಅದೇ ಪೋರ್ಟಲಿನಲ್ಲಿ ವಿಳಾಸ ಬದಲಾವಣೆಯ ಅರ್ಜಿ, ಹೊಸ ಮಾಲೀಕರಿಂದ ಹೊಸ ಸಿ-ಫಾರ್ಮ್. ಪಾಸ್‌ಪೋರ್ಟ್ ನವೀಕರಿಸಿದರೆ ಅದನ್ನೂ ತಿಳಿಸಬೇಕು. ಎರಡು ದಿನ ಮಡಿಕೇರಿಗೆ ಹೋದರೆ ವಿಳಾಸ ಬದಲಿಸುವ ಅಗತ್ಯವಿಲ್ಲ, ಆದರೆ ಅಲ್ಲಿನ ಹೋಂಸ್ಟೇಯವರು ಸಿ-ಫಾರ್ಮ್ ಕೊಡಲೇಬೇಕು. ಮೈಸೂರಿನಲ್ಲಿರುವ ವಿದೇಶಿ ವಿದ್ಯಾರ್ಥಿಗಳು ಬೈಲಕುಪ್ಪೆಯ ವಿಷಯವನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಹಗಲು ಹೋಗಿ ಚಿನ್ನದ ದೇವಾಲಯ ನೋಡಿ ಬರುವುದಕ್ಕೆ ತೊಂದರೆಯಿಲ್ಲ. ಟಿಬೆಟನ್ ವಸಾಹತಿನೊಳಗೆ ರಾತ್ರಿ ತಂಗಲು ಮಾತ್ರ ಸಂರಕ್ಷಿತ ಪ್ರದೇಶದ ಅನುಮತಿ ಬೇಕು. ನೋಂದಣಿ ಪ್ರಮಾಣಪತ್ರ ಆ ಅನುಮತಿಯ ಜಾಗದಲ್ಲಿ ನಿಲ್ಲುವುದಿಲ್ಲ.

ವಿಸ್ತರಣೆ ಬೇಕಾದಾಗ ಅವಧಿ ಮುಗಿಯಲು ಎರಡು ತಿಂಗಳಿರುವಾಗಲೇ ಅರ್ಜಿ ಶುರುಮಾಡುವುದು ಒಳ್ಳೆಯದು. ಆಗಲೂ ಹೊಸ ಬೋನಫೈಡ್, ಚಾಲ್ತಿಯಲ್ಲಿರುವ ಕರಾರು, ಸಿ-ಫಾರ್ಮ್ ಕೇಳುತ್ತಾರೆ. ಹನ್ನೊಂದು ತಿಂಗಳ ಕರಾರು ಅಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಹತ್ತನೇ ತಿಂಗಳಿಗೇ ಯಜಮಾನರ ಹತ್ತಿರ ಕೂತು ಅದನ್ನು ನವೀಕರಿಸಿ, ನೋಟರಿ ಮಾಡಿಸಿಟ್ಟುಕೊಳ್ಳಬೇಕು.